ಪೌರನೀತಿಯ ಪಾಠವೂ ಪೌರತ್ವದ ಅಭ್ಯಾಸವೂ



ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ನಾಗರಿಕ ಹಕ್ಕುಗಳ ಶಿಕ್ಷಣವನ್ನೂ ನಾಯಕತ್ವದ ಅವಕಾಶವನ್ನೂ ಒದಗಿಸುವ ಬಗೆ ಯಾವುದೆಂದು ಆಲೋಚಿಸಲು ನಾವಿಲ್ಲಿ ಸೇರಿದ್ದೇವೆ. ಮೊದಲನೆಯದನ್ನು ಪಠ್ಯಪುಸ್ತಕಕ್ಕೂ ಎರಡನೆಯದನ್ನು ಶಾಲಾ ವಾರ್ಷಿಕೋತ್ಸವಕ್ಕೂ ಒಪ್ಪಿಸಿ ನಿಶ್ಚಿಂತರಾಗುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಆದರೆ ನಿರ್ಧರಿಸುವ ಹೊಣೆ ಹೆಗಲಿಗೇರದ ಹೊರತು ಹಕ್ಕಿನ ಅರ್ಥವು ಯಾವ ಬಾಲಕನಿಗೂ ಬಾಲಿಕೆಗೂ ಹೃದ್ಗತವಾಗಲಾರದೆಂಬುದು ನನ್ನ ದೃಢವಾದ ನಂಬಿಕೆ. ಇದಕ್ಕೆ ದೃಷ್ಟಾಂತವಾಗಿ ಅಮೆರಿಕದ ಒಂದು ಶಾಲೆಯ ಚರಿತ್ರೆಯನ್ನು ಕೊಂಚ ವಿಸ್ತಾರವಾಗಿಯೇ ನಿವೇದಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ವರ್ಜೀನಿಯಾ ಸಂಸ್ಥಾನದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಫಾರ್ಮ್‌ವಿಲ್ ಎಂಬುದೊಂದು ಸಣ್ಣ ಪಟ್ಟಣ. ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಜನರ ಮಕ್ಕಳಿಗಿನ್ನೊಂದು ಎಂದು ಕಾನೂನೇ ವಿಧಿಸಿದ್ದ ಆ ಕಾಲದಲ್ಲಿ, 1939ರಲ್ಲಿ ಕಟ್ಟಿದ ಮೋಟನ್ ಪ್ರೌಢಶಾಲೆಯಲ್ಲಿ 180 ಮಂದಿಗೆ ಮಾತ್ರ ಸ್ಥಳವಿದ್ದು, ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಅಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ 450ನ್ನು ಮೀರಿತ್ತು. ಅಧಿಕಾರಿಗಳು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿ ಕೆಲವು ಶೆಡ್ಡುಗಳನ್ನು ನಿಲ್ಲಿಸಿದರು. ಅವು ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಬಳಿ ಕುಳಿತವರು ಬೇಯುತ್ತಿದ್ದರೆ ದೂರ ಕುಳಿತವರು ಕೋಟು ಕಳಚುವಂತಿರಲಿಲ್ಲ. ಪ್ರಯೋಗಶಾಲೆಯಿಲ್ಲ, ವ್ಯಾಯಾಮಶಾಲೆಯಿಲ್ಲ, ಹಿರಿಯರು ಶಾಲಾ ಮಂಡಲಿಗೆ ಸಲ್ಲಿಸಿದ ಬಿನ್ನಹಗಳಿಗೆ ಆಶ್ವಾಸನೆಗಳಲ್ಲದೆ ಬೇರೆ ಫಲವಿರಲಿಲ್ಲ.

ಆ ಶಾಲೆಯ ಬಾರ್ಬರಾ ಜಾನ್ಸ್ ಎಂಬ ಹದಿನಾರರ ಬಾಲಿಕೆ, ವಿದ್ಯಾರ್ಥಿ ಪರಿಷತ್ತು, ನಾಟಕ ಸಂಘ ಮೊದಲಾದವುಗಳಲ್ಲಿ ತೊಡಗಿದ್ದವಳು, ಅವುಗಳ ನಿಮಿತ್ತ ಅನ್ಯ ಶಾಲೆಗಳನ್ನು ಕಂಡುಬಂದಿದ್ದಳು. ತನ್ನ ಶಾಲೆಯ ದುಃಸ್ಥಿತಿ ದೈವವಿಹಿತವಲ್ಲವೆಂಬ ಅರಿವು ಆ ಹೋಲಿಕೆಯಿಂದ ಅವಳಲ್ಲಿ ದೃಢವಾಗಿರಬೇಕು. ಸಂಗೀತದ ಉಪಾಧ್ಯಾಯಿನಿಯೊಡನೆ ತನ್ನ ಅಳಲನ್ನು ತೋಡಿಕೊಂಡಾಗ, ಹಾಗಾದರೆ ನೀನೇ ಏನಾದರೂ ಏಕೆ ಮಾಡಬಾರದೆಂದು ಆಕೆ ಮರುಪ್ರಶ್ನೆ ಹಾಕಿದರಂತೆ. ಉಪಾಧ್ಯಾಯರಾದ ನಾವೆಲ್ಲರೂ ಈ ಮರುಪ್ರಶ್ನೆಯನ್ನು ಮನನ ಮಾಡತಕ್ಕದ್ದು. ಬಾರ್ಬರಾ ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್ ಮುಂತಾದ ಕೆಲವೇ ಆಪ್ತರೊಡನೆ ತಿಂಗಳುಗಟ್ಟಲೆ ಗುಟ್ಟಾಗಿ ಸಮಾಲೋಚಿಸಿದಳು. 1951ರ ಏಪ್ರಿಲ್ 23ರಂದು, ಮುಖ್ಯೋಪಾಧ್ಯಾಯರನ್ನು ದೂರವಾಣಿಯ ನೆವದಿಂದ ಹೊರಗೆ ಕಳುಹಿಸಿ, ಸಮಸ್ತ ವಿದ್ಯಾರ್ಥಿಗಳನ್ನೂ ಸಭಾಂಗಣಕ್ಕೆ ಕರೆಸಿ, ಉಪಾಧ್ಯಾಯರು ದಯವಿಟ್ಟು ಹೊರನಡೆಯಬೇಕೆಂದು ವಿನಂತಿಸಿ, ಅವಳು ವೇದಿಕೆಯಿಂದ ಮಾತನಾಡಿದ ಮೇಲೆ ಇಡೀ ಶಾಲೆಯೇ ಬಹಿಷ್ಕಾರ ಹೂಡಿತು. ಎರಡು ವಾರಗಳ ಕಾಲ ತರಗತಿಗಳು ಬರಿದಾದುವು.

ಅದೇ ದಿನ ಬಾರ್ಬರಾ ಮತ್ತು ಕ್ಯಾರಿ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘವೊಂದರ ವಕೀಲರಿಗೆ ಪತ್ರ ಬರೆದರು. ಸ್ಪಾಟ್ಸ್‌ವುಡ್ ರಾಬಿನ್‌ಸನ್ ಮತ್ತು ಆಲಿವರ್ ಹಿಲ್ ಎಂಬ ಆ ವಕೀಲರು ಫಾರ್ಮ್‌ವಿಲ್‌ಗೆ ಬಂದು, ಉತ್ತಮ ಕಟ್ಟಡವೊಂದನ್ನು ಮಾತ್ರ ಬೇಡುವುದಾದರೆ ತಾವು ಕೈಹಾಕುವುದಿಲ್ಲವೆಂದೂ, ವರ್ಣಭೇದವನ್ನೇ ಪ್ರಶ್ನಿಸಲು ಮಕ್ಕಳೂ ಅವರ ತಂದೆತಾಯಿಗಳೂ ಸಿದ್ಧರಿರುವುದಾದರೆ ವಕಾಲತ್ತು ವಹಿಸುವೆವೆಂದೂ ತಿಳಿಸಿದರು. ಸೋರುವ ಮಾಡಿನ ದೂರು ಸಂವಿಧಾನದ ಪ್ರಶ್ನೆಯಾಗಿ ರೂಪಾಂತರಗೊಂಡ ಗಳಿಗೆ ಅದು. ಆ ಮಕ್ಕಳು ಪೌರನೀತಿಯನ್ನು ನಿಜವಾಗಿ ಕಲಿತದ್ದು ಅಂದು. 117 ವಿದ್ಯಾರ್ಥಿಗಳ ಹೆಸರಿನಲ್ಲಿ ಮೇ 23ರಂದು ದಾಖಲಾದ ಆ ದಾವೆ, 1954ರ ಮೇ 17ರಂದು ಸುಪ್ರೀಂ ಕೋರ್ಟು ಬ್ರೌನ್ ಮೊಕದ್ದಮೆಯಲ್ಲಿ ಒಟ್ಟಾಗಿ ತೀರ್ಮಾನಿಸಿದ ಐದು ದಾವೆಗಳಲ್ಲೊಂದು. ಶಾಲೆಗಳಲ್ಲಿ ವರ್ಣಭೇದವು ಸಂವಿಧಾನಬಾಹಿರವೆಂದು ಸಾರಿದ ಆ ತೀರ್ಪಿನ ಹಿಂದಿದ್ದ ಐದರಲ್ಲಿ ವಿದ್ಯಾರ್ಥಿಗಳೇ ಆರಂಭಿಸಿದ್ದು ಇದೊಂದೇ.

ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚುವುದು ಅನ್ಯಾಯವಾದೀತು. ಬಾರ್ಬರಾಳ ಕ್ಷೇಮಕ್ಕೆ ಹೆದರಿದ ಮನೆಯವರು ಅವಳನ್ನು ಮಾಂಟ್‌ಗೊಮರಿಯಲ್ಲಿ ಪಾದ್ರಿಯಾಗಿದ್ದ ದೊಡ್ಡಪ್ಪ ವರ್ನನ್ ಜಾನ್ಸ್ ಅವರ ಬಳಿಗೆ ಕಳುಹಿಸಿದರು. ತೀರ್ಪಿಗೆ ಮಣಿಯಲೊಲ್ಲದ ಕೌಂಟಿಯ ಆಡಳಿತವಂತೂ 1959ರಲ್ಲಿ ಸಾರ್ವಜನಿಕ ಶಾಲೆಗಳೆಲ್ಲಕ್ಕೂ ಬೀಗ ಜಡಿಯಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಏರ್ಪಟ್ಟಿತು. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ನಡುವೆ ಬರುವವರೆಗೆ ಕಪ್ಪು ಮಕ್ಕಳಲ್ಲಿ ಅನೇಕರಿಗೆ ಅಕ್ಷರವೇ ದುರ್ಲಭವಾಯಿತು. ಕಿರಿಯರು ಮುಂದೆ ನಡೆದಾಗ ಅದರ ಭಾರವನ್ನು ಹಿರಿಯರೂ ಹೊರದಿದ್ದರೆ, ನಾವು ಅವಕಾಶವೆಂದು ಕರೆಯುವುದು ಮಕ್ಕಳನ್ನು ಅಪಾಯಕ್ಕೆ ಒಡ್ಡುವುದೇ ಆದೀತು.

ಅದೇ 1964ರ ಬೇಸಗೆಯಲ್ಲಿ ಮಿಸಿಸಿಪ್ಪಿಯಲ್ಲಿ ನಾಗರಿಕ ಹಕ್ಕುಗಳ ಚಳವಳಿಗಾರರು ಕಪ್ಪು ಮಕ್ಕಳಿಗಾಗಿ ನಡೆಸಿದ ಸ್ವಾತಂತ್ರ್ಯ ಶಾಲೆಗಳನ್ನು ಸ್ಮರಿಸದೆ ಮುಂದೆ ಹೋಗಲಾರೆ. ಚಾರ್ಲ್ಸ್ ಕಾಬ್ ಎಂಬ ತರುಣನ ಸೂಚನೆಯಿಂದ ಹುಟ್ಟಿ, ಬಹುಮಟ್ಟಿಗೆ ಚರ್ಚುಗಳ ಆಶ್ರಯದಲ್ಲಿ ನಡೆದ ನಲವತ್ತಕ್ಕೆ ಮೇಲ್ಪಟ್ಟ ಈ ಶಾಲೆಗಳ ಪಠ್ಯಕ್ರಮವು ಉತ್ತರಗಳ ಮೇಲಲ್ಲ, ಪ್ರಶ್ನೆಗಳ ಮೇಲೆ ನಿಂತಿತ್ತು. ವಿದ್ಯಾರ್ಥಿಗಳು ತಮ್ಮದೇ ಪತ್ರಿಕೆಗಳನ್ನು ಹೊರಡಿಸಿದರು. ಆಗಸ್ಟಿನಲ್ಲಿ ಅವರ ಪ್ರತಿನಿಧಿಗಳು ಮೆರಿಡಿಯನ್ ನಗರದಲ್ಲಿ ಸಮಾವೇಶಗೊಂಡು, ಆ ಚಳವಳಿಯಲ್ಲಿ ತೊಡಗಿ ಕೊಲೆಗೀಡಾದ ಮೂವರು ತರುಣರ ಶವಗಳು ಅದೇ ಸಂಸ್ಥಾನದಲ್ಲಿ ಪತ್ತೆಯಾಗಿ ವಾರ ಕಳೆಯುವ ಮೊದಲೇ, ವಸತಿ, ವಿದ್ಯೆ, ಆರೋಗ್ಯ, ಉದ್ಯೋಗಗಳನ್ನು ಕುರಿತು ತಮ್ಮ ಬೇಡಿಕೆಗಳನ್ನು ಚರ್ಚಿಸಿ ಅಂಗೀಕರಿಸಿದರು.

ನಮ್ಮ ನಾಡಿನಲ್ಲಿಯೂ ಇಂತಹದೊಂದು ವೇದಿಕೆ ಇಲ್ಲದಿಲ್ಲ. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1992ರಲ್ಲಿ ಸಮ್ಮತಿಯಿತ್ತಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆಯಿರಬೇಕೆಂದು ಅದರ 12ನೆಯ ವಿಧಿ ಹೇಳುತ್ತದೆ. ಕರ್ನಾಟಕದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸುವ ಪದ್ಧತಿಯೂ ಇದೆ. ಅಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಶೌಚಾಲಯದ ಬಾಗಿಲನ್ನೋ ಸಂಜೆಯ ಬಸ್ಸನ್ನೋ ಕುರಿತು ಕೇಳುವಾಗ, ಅವಳ ಪ್ರಶ್ನೆಯನ್ನು ಚಪ್ಪಾಳೆಯಿಂದ ಸ್ವಾಗತಿಸಿ, ನಡವಳಿ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ವರ್ಷದವರೆಗೆ ಮರೆತುಬಿಡುವುದಕ್ಕಿಂತ ಸಭೆಯನ್ನು ಸೇರಿಸದಿರುವುದೇ ಲೇಸು. ಕೇಳಿದರೂ ಏನೂ ಆಗದೆಂಬ ಪಾಠವು ಒಮ್ಮೆ ಮನಸ್ಸಿಗಿಳಿದರೆ ಅದನ್ನು ಕೀಳುವುದು ಬಹು ಕಷ್ಟ.

ಆದಕಾರಣ ಈ ಸಂಕಿರಣದ ಗೋಷ್ಠಿಗಳಲ್ಲಿ ತಾವು ಪಠ್ಯಕ್ರಮವನ್ನು ಚರ್ಚಿಸುವುದರೊಂದಿಗೆ ಎರಡು ಸಂಗತಿಗಳನ್ನು ನಿರ್ಣಯಿಸಬೇಕೆಂದು ಪ್ರಾರ್ಥಿಸುತ್ತೇನೆ. ಪ್ರತಿಯೊಂದು ಪ್ರೌಢಶಾಲೆಯ ವಿದ್ಯಾರ್ಥಿ ಸಂಸತ್ತಿಗೂ ಗ್ರಂಥಾಲಯದ ಹಣವನ್ನೋ ಕುಡಿಯುವ ನೀರಿನ ವ್ಯವಸ್ಥೆಯನ್ನೋ ಕುರಿತ ಒಂದಾದರೂ ನಿಜವಾದ ಅಧಿಕಾರವನ್ನು ಬಿಟ್ಟುಕೊಡಿರಿ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದ ಪ್ರತಿಯೊಂದು ಪ್ರಶ್ನೆಗೂ, ಇಲ್ಲವೆಂಬ ಉತ್ತರವೇ ಆದರೂ ಸರಿಯೆ, ಗೊತ್ತಾದ ಅವಧಿಯೊಳಗೆ ಲಿಖಿತವಾದ ಉತ್ತರ ಶಾಲೆಗೆ ತಲುಪಬೇಕೆಂದು ಪಂಚಾಯತಿಗಳನ್ನು ಒತ್ತಾಯಿಸಿರಿ.