ಅಜ್ಜಿಗೆ ಹೇಳಿದ ಕಪ್ಪೆಯ ಕಥೆ



ಹೋದ ತಿಂಗಳು ಫೋನಿನಲ್ಲಿ ಅಜ್ಜಿ, "ಬಯಾಲಜಿಯಲ್ಲಿ ಏನು ಓದ್ತಿದ್ದೀಯ ಪುಟ್ಟಿ?" ಅಂತ ಕೇಳಿದರು. ಒಂಬತ್ತು ವರ್ಷ ಇಲ್ಲಿ ಕನ್ನಡ ಕಲಿತವಳಿಗೆ ಉತ್ತರ ಹೊಳೆಯಲಿಲ್ಲ. "ಸೆಲ್ಸ್" ಅಂದೆ. "ಟಾರ್ಚಿಗೆ ಹಾಕೋದಾ?" ಅಂದರು.

ಮುಂದಿನ ವಾರ ಪದಗಳನ್ನು ಬರೆದಿಟ್ಟುಕೊಂಡು ಕೂತೆ. ನಾವೆಲ್ಲ ಶುರುವಾಗುವುದು ಒಂದೇ ಜೀವಕೋಶದಿಂದ. ಅದು ಎರಡಾಗುತ್ತದೆ, ನಾಲ್ಕಾಗುತ್ತದೆ. ಆಮೇಲೆ ಒಂದಷ್ಟು ನರವಾಗುತ್ತವೆ, ಒಂದಷ್ಟು ಚರ್ಮ, ಒಂದಷ್ಟು ಕರುಳು. ಕರುಳಾದ ಕೋಶ ಉಳಿದದ್ದನ್ನೆಲ್ಲ ಕಳೆದುಕೊಂಡುಬಿಡುತ್ತದೆಯೇ? ಇಂಗ್ಲೆಂಡಿನ ಜಾನ್ ಗರ್ಡನ್ ಇದನ್ನೇ ಪರೀಕ್ಷಿಸಿದರು. ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರವನ್ನು ತೆಗೆದರು. ಕಪ್ಪೆಯ ಮೊಟ್ಟೆಯೊಂದರ ಸ್ವಂತ ಕೋಶಕೇಂದ್ರವನ್ನು ನಾಶಮಾಡಿ, ಇದನ್ನು ಅಲ್ಲಿ ಇಟ್ಟರು. ಹೆಚ್ಚಿನವು ಕೆಟ್ಟುಹೋದವು. ಆದರೆ ಕೆಲವು ಗೊದಮೊಟ್ಟೆಗಳಾಗಿ ಈಜಿದವು! ಪ್ರಕಟವಾದದ್ದು 1962ರಲ್ಲಿ, ನೊಬೆಲ್ ಬಂದದ್ದು 2012ರಲ್ಲಿ. ಐವತ್ತು ವರ್ಷ ಕಾಯಬೇಕಾಯಿತು, ಪಾಪ. ಅಂದರೆ ಕರುಳಿನ ಕೋಶದಲ್ಲೂ ಇಡೀ ಕಪ್ಪೆಯ ಪುಸ್ತಕ ಇತ್ತು, ಬೇಡದ ಪುಟಗಳು ಮುಚ್ಚಿದ್ದವು ಅಷ್ಟೇ.

ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನನ್ನ ಮಂಡಿ ಯಾಕೆ ಹೊಸದಾಗಿ ಬೆಳೆಯಲ್ಲ?" ಅಂದರು.

ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಮಂಡಿಯ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಅದರ ಕೋಶಗಳು ಹೊಸದಾಗಿ ಹುಟ್ಟುವುದೂ ತೀರ ಅಪರೂಪ. ಹಾಗಾಗಿ ಸವೆದ ಜಾಗ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಇದನ್ನು ಅಜ್ಜಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ ಅಂತ ನಮ್ಮ ಟೀಚರನ್ನು ಕೇಳಿದೆ. "ಮೊದಲು ಮೃದ್ವಸ್ಥಿ ಅನ್ನಬೇಡ, ಮೆದು ಮೂಳೆ ಅನ್ನು" ಅಂದರು.

ನಾಳೆ ಭಾನುವಾರ, ಫೋನ್ ಮಾಡುತ್ತೇನೆ.