ಬಟ್ಟಿಯ ತಳದಲ್ಲಿ ಉಳಿಯುವುದು



ಮಿಕ್ಕ ಅನ್ನ, ಕೊಳೆತ ಹಣ್ಣು, ತರಕಾರಿ ಸಿಪ್ಪೆಗಳಿಂದ ಎಥೆನಾಲ್ ತಯಾರಿಸಬಹುದೆಂಬುದು ಹೊಸ ಸಂಗತಿಯೇನಲ್ಲ. ಹಾಳಾದ ಧಾನ್ಯ, ಕೊಳೆತ ಆಲೂಗೆಡ್ಡೆಗಳನ್ನು ಬಳಸಲು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೂ ಅವಕಾಶ ನೀಡಿದೆ. ಆದರೆ ಎಥೆನಾಲಿನ ಲೀಟರುಗಳನ್ನು ಎಣಿಸುವವರು ಬಟ್ಟಿಯ ತಳದಲ್ಲಿ ಉಳಿಯುವ ದ್ರವವನ್ನು ಎಣಿಸುವುದು ಅಪರೂಪ. ಇಂದು ನಾನು ಹೇಳಬೇಕೆಂದಿರುವುದು ಆ ಶೇಷದ್ರವದ ವಿಚಾರ.

ಹುದುಗಿದ ರಸದಲ್ಲಿ ನೂರಕ್ಕೆ 5 ಪಾಲು ಎಥೆನಾಲ್ ಇದೆಯೆನ್ನಿ. ಒಂದು ಲೀಟರ್ ಎಥೆನಾಲ್ ಇಳಿಸಿದಾಗ ಸುಮಾರು 19 ಲೀಟರ್ ಶೇಷ ಉಳಿಯುತ್ತದೆ. ಯೀಸ್ಟ್ ಎಥೆನಾಲಾಗಿ ಮಾರ್ಪಡಿಸುವುದು ಸಕ್ಕರೆಯನ್ನು ಮಾತ್ರ; ಬೇಳೆಯ ಸತ್ವ, ಎಣ್ಣೆ, ನಾರು, ಸತ್ತ ಯೀಸ್ಟ್, ಉಪ್ಪು ಎಲ್ಲವೂ ಅದರಲ್ಲಿಯೇ ಇರುತ್ತವೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಉಸಿರುಗಟ್ಟಿಸುತ್ತವೆ.

ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಕಿಲೋ ಅಡುಗೆಮನೆಯ ತ್ಯಾಜ್ಯದಿಂದ ದೊರೆತ ಎಥೆನಾಲ್ 30.9 ಗ್ರಾಂ. ಉಳಿದ ಗಸಿಯನ್ನೂ ಶೇಷದ್ರವವನ್ನೂ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದಾಗ 65.2 ಲೀಟರ್ ಜೈವಿಕ ಅನಿಲ ಬಂದಿತು. ಅದರಲ್ಲಿ ಅರ್ಧ ಮೀಥೇನ್. ಶಾಖದ ಲೆಕ್ಕ ಹಾಕಿ ನೋಡಿದರೆ ಎಥೆನಾಲಿನಲ್ಲಿರುವುದು ಸುಮಾರು 830 ಕಿಲೋಜೂಲ್, ಅನಿಲದಲ್ಲಿರುವುದು ಸಾವಿರಕ್ಕೂ ಮಿಗಿಲು. ಬಿಸಾಡುವ ವಸ್ತುವಿನಲ್ಲಿಯೇ ಹೆಚ್ಚು ಉರುವಲಿದೆ! ಕಲಗಚ್ಚನ್ನು ಚೆಲ್ಲದೆ ಕೊಟ್ಟಿಗೆಗೆ ಒಯ್ಯುವ ನಮ್ಮ ಮನೆಯ ಹೆಂಗಸರಿಗೆ ಇದರಿಂದ ಆಶ್ಚರ್ಯವಾಗಲಾರದು.

ಇನ್ನೊಂದು ಉಪಾಯವೂ ಉಂಟು. ಶೇಷದ್ರವದ ತಿಳಿಯನ್ನು ಮುಂದಿನ ಸರದಿಯ ತ್ಯಾಜ್ಯ ಕಲಸಲು ಮರಳಿ ಬಳಸುವುದು. ಇದರಿಂದ ಹೊಸ ನೀರು ಉಳಿಯುತ್ತದೆ, ಬಿಸಿಯೂ ಉಳಿಯುತ್ತದೆ. ಯೀಸ್ಟಿಗೆ ಬೇಕಾದ ಸಾರಜನಕವೂ ಒಂದಿಷ್ಟು ದೊರೆಯುತ್ತದೆ. ತೊಡಕಿರುವುದು ಉಪ್ಪಿನಲ್ಲಿ. ನಮ್ಮ ತ್ಯಾಜ್ಯದಲ್ಲಿ ಸಾರು, ಉಪ್ಪಿನಕಾಯಿ ಸೇರಿರುತ್ತವಷ್ಟೆ. ಪ್ರತಿ ಸಲ ಅರ್ಧ ದ್ರವವನ್ನು ಮರಳಿ ಸುರಿದರೆ ಮೊದಲು 1 ಪಾಲಿದ್ದ ಉಪ್ಪು 1.5, 1.75 ಹೀಗೆ ಏರುತ್ತ 2ರ ಸಮೀಪ ನಿಲ್ಲುತ್ತದೆ. ಮುಕ್ಕಾಲು ಪಾಲು ಸುರಿದರೆ 4ರ ಸಮೀಪ. ಜೊತೆಗೆ ಲ್ಯಾಕ್ಟಿಕ್, ಅಸಿಟಿಕ್ ಆಮ್ಲಗಳೂ ಕೂಡಿಕೊಂಡು ಯೀಸ್ಟ್ ಬಳಲುತ್ತದೆ. ಆದ್ದರಿಂದ ಮರುಬಳಕೆಗೆ ಮಿತಿಯುಂಟು. ಹನಿಯೂ ಹೊರಹೋಗದೆಂದು ಯಾರಾದರೂ ಭರವಸೆ ಕೊಟ್ಟರೆ, ಉಪ್ಪು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿ.

ಅನಿಲದ ತೊಟ್ಟಿಯೂ ಉಪ್ಪನ್ನು ತೆಗೆಯದು. ಅದು ಬಗ್ಗಡದಲ್ಲಿಯೇ ಉಳಿಯುತ್ತದೆ. ಬಗ್ಗಡವು ಒಳ್ಳೆಯ ಗೊಬ್ಬರವೇ ಸರಿ. ಆದರೆ ಅಳತೆ ತಪ್ಪಿದರೆ ಸೋಡಿಯಂ ಜೇಡಿಮಣ್ಣಿನ ಹರಳುಗಟ್ಟನ್ನು ಒಡೆದು ನೀರು ಇಂಗದಂತೆ ಮಾಡುತ್ತದೆ. ನಮ್ಮ ಮುಂಗಾರು ಎಲ್ಲವನ್ನೂ ತೊಳೆದುಬಿಡುವುದೆಂದು ವಾದಿಸುವವರಿದ್ದಾರೆ. ತೊಳೆದದ್ದು ಸೇರುವುದು ಕೆಳಗಿನ ಊರಿನ ಹಳ್ಳವನ್ನು.

ಮಳೆಗಾಲದಲ್ಲಿ ತೋಟಕ್ಕೆ ಬಗ್ಗಡ ಉಣಿಸಲಾಗದು. ದಿನಕ್ಕೆ ಸಾವಿರ ಲೀಟರ್ ಎಥೆನಾಲಿನ ಘಟಕವು ಶೇಷದ ಅರ್ಧವನ್ನು ಮರಳಿ ಬಳಸಿದರೂ ಉಳಿದ 9,500 ಲೀಟರನ್ನು ನಾಲ್ಕು ತಿಂಗಳು ಕೂಡಿಡಬೇಕು. ಅಂದರೆ 11 ಲಕ್ಷ ಲೀಟರಿಗೂ ಹೆಚ್ಚು. ಅಷ್ಟು ದೊಡ್ಡ ತೊಟ್ಟಿಯನ್ನು ಯಾವ ಇಳಿಜಾರಿನಲ್ಲಿ ಕಟ್ಟುವರೆಂದು ಗ್ರಾಮಸಭೆಯಲ್ಲಿ ನಕ್ಷೆ ಬಿಡಿಸಿ ತೋರಿಸಲು ಹೇಳಿ.