ಚಿತ್ರಕಥೆಯೂ ಜೀವನೋಪಾಯವೂ



ಚಲಚ್ಚಿತ್ರವನ್ನು ವಿನೋದವೆಂದು ನೋಡುವವರು ಬಹು ಮಂದಿ. ಅದನ್ನೊಂದು ವೃತ್ತಿಯೆಂದು ಆಲೋಚಿಸುವವರು ಕೆಲವರೇ. ಮನೆಯ ಹುಡುಗನೊಬ್ಬನು "ನಾನು ಚಿತ್ರಕ್ಕೆ ಕಥೆ ಬರೆಯುವೆನು, ಚಿತ್ರವನ್ನು ನಿರ್ದೇಶಿಸುವೆನು" ಎಂದು ಹೇಳಿದೊಡನೆ ತಂದೆತಾಯಿಗಳ ಮುಖ ಬಾಡುವುದುಂಟು. ಅವರ ಭಯ ನಿರಾಧಾರವಾದುದಲ್ಲ. ಈ ವೃತ್ತಿಗೆ ನಿಶ್ಚಿತವಾದ ಸಂಬಳವಿಲ್ಲ, ಬಡ್ತಿಯ ನಿಯಮವಿಲ್ಲ, ನಿವೃತ್ತಿ ವೇತನವಿಲ್ಲ. ಹೀಗಿದ್ದರೂ ನಮ್ಮ ಹಳ್ಳಿಪಟ್ಟಣಗಳಿಂದ ಹೊರಟು ಈ ಮಾರ್ಗದಲ್ಲಿ ಹೆಸರು ಪಡೆದವರು ಇದ್ದಾರೆ. ಅವರು ಯಾವ ಬಗೆಯಾಗಿ ನಡೆದರೆಂಬುದನ್ನು ವಿಚಾರಿಸಿದರೆ ಆ ಹುಡುಗನಿಗೂ ಅವನ ತಂದೆತಾಯಿಗಳಿಗೂ ಕೊಡಬೇಕಾದ ಉತ್ತರ ದೊರೆಯಬಹುದು.

ಇದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಮೈಸೂರಿನಿಂದ ಪಡುವಣಕ್ಕೂ ತೆಂಕಣಕ್ಕೂ ಹಬ್ಬಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸೀಮೆಯೇ ಸಾಕು. ಹೊಗೆಸೊಪ್ಪು, ಬತ್ತ, ರಾಗಿ, ಕಾಡು ಇವೇ ಪ್ರಧಾನವಾದ ಈ ಸೀಮೆ ಚಲಚ್ಚಿತ್ರ ಪ್ರಪಂಚಕ್ಕೆ ಮೂವರನ್ನು ಮೂರು ಬೇರೆ ಬೇರೆ ಮಾರ್ಗಗಳಲ್ಲಿ ಕಳುಹಿಸಿಕೊಟ್ಟಿತು.

ಮೊದಲನೆಯವನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು. ಅವನು ಮಹಾರಾಜರ ಸೇವೆಯಲ್ಲಿದ್ದ ಮಾವುತನ ಮಗ. ರಾಬರ್ಟ್ ಫ್ಲಾಹರ್ಟಿ ಎಂಬ ಪ್ರಸಿದ್ಧ ಚಿತ್ರಕಾರನು ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರಿಸಲು ಮೈಸೂರು ಸೀಮೆಗೆ ಬಂದಾಗ ಈ ಬಾಲಕನು ಕಣ್ಣಿಗೆ ಬಿದ್ದನು. 1937ರಲ್ಲಿ 'ಎಲಿಫೆಂಟ್ ಬಾಯ್' ಹೊರಬಂದಿತು. ಕಬಿನಿಯ ದಡದ ಹುಡುಗನನ್ನು ಲೋಕವೇ ಗುರುತಿಸಿತು. ಇಂಗ್ಲೆಂಡು, ಅನಂತರ ಅಮೆರಿಕ, 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್' - ಇಂತಹ ಭಾಗ್ಯ ಎಷ್ಟು ಮಂದಿಗೆ ಲಭಿಸೀತು? ಯುದ್ಧಕಾಲದಲ್ಲಿ ಅವನು ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಪದಕವನ್ನೂ ಪಡೆದನು. ಆದರೆ ಬಾಲ್ಯ ಕಳೆದ ಮೇಲೆ ದೊರೆತ ಪಾತ್ರಗಳು ಬಹುತೇಕ ಅದೇ ಕಾಡು, ಅದೇ ಆನೆ, ಅದೇ ವೇಷ. ಚಿತ್ರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣವಾದುವು. 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅವನ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಆದರೆ ಅವನ ಕಥೆಯನ್ನು ಯಾವಾಗಲೂ ಇತರರೇ ಬರೆದರು. ಆರಿಸಲ್ಪಡುವುದು ಭಾಗ್ಯವೇ ಹೊರತು ವೃತ್ತಿಯಲ್ಲ. ಆರಿಸಿದವರ ರುಚಿ ಬದಲಾದ ದಿನ ಆ ಭಾಗ್ಯವೂ ಬದಲಾಗುವುದು.

ಎರಡನೆಯವರು 1914ರಲ್ಲಿ ಜನಿಸಿದ ಹುಣಸೂರು ಕೃಷ್ಣಮೂರ್ತಿಗಳು. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಲ್ಲಿಟ್ಟುಕೊಂಡ ಇವರು ಬೆಳೆದುದು ವೃತ್ತಿ ನಾಟಕ ಕಂಪನಿಗಳ ನೆರಳಿನಲ್ಲಿ. ಕನ್ನಡ ವಾಕ್ಚಿತ್ರದ ಆರಂಭವಾದ 1934ರ ಕಾಲದಲ್ಲಿ ಚಿತ್ರಕಥೆಯನ್ನು ಹೇಳಿಕೊಡುವ ಶಾಲೆ ನಮ್ಮಲ್ಲಿ ಇರಲಿಲ್ಲ. ಕಂಪನಿ ನಾಟಕವೇ ಶಾಲೆಯಾಗಿದ್ದಿತು. ಆ ಶಾಲೆಯ ಪರೀಕ್ಷೆ ಕಠಿನವಾದುದು. ಇಂದಿನ ರಾತ್ರಿ ಬರೆದ ಮಾತಿಗೆ ಜನರು ಕಿವಿಗೊಡದಿದ್ದರೆ ನಾಳಿನ ರಾತ್ರಿಯೊಳಗೆ ಅದನ್ನು ತಿದ್ದಬೇಕು. ಎಲ್ಲಿ ಹಾಡು ಬೇಕು, ಎಲ್ಲಿ ಮೌನ ಬೇಕು, ವಿದೂಷಕನು ಎಷ್ಟು ಹೊತ್ತು ನಿಲ್ಲಬಹುದು ಎಂಬುದೆಲ್ಲವನ್ನೂ ಎದುರಿಗೆ ಕುಳಿತ ಸಭೆಯೇ ತಿಳಿಸುವುದು. ಈ ವಿದ್ಯೆಯಿಂದ ಕೃಷ್ಣಮೂರ್ತಿಗಳು ಕಥೆ, ಸಂಭಾಷಣೆ, ಗೀತೆ, ನಿರ್ದೇಶನ ಈ ನಾಲ್ಕಕ್ಕೂ ಸಮರ್ಥರಾದರು. 1965ರ 'ಸತ್ಯ ಹರಿಶ್ಚಂದ್ರ', 1974ರ 'ಭಕ್ತ ಕುಂಬಾರ', 1977ರ 'ಬಭ್ರುವಾಹನ' ಇವರ ನಿರ್ದೇಶನದಲ್ಲಿ ಬಂದುವು. 'ಸತ್ಯ ಹರಿಶ್ಚಂದ್ರ'ದಲ್ಲಿ ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡನ್ನು ಬರೆದವರೂ ಇವರೇ. ರಾಘವಾಂಕನ ಕಾಲದಿಂದ ಕನ್ನಡಿಗರು ಬಲ್ಲ ಕಥೆಯೊಳಕ್ಕೆ ತಮ್ಮ ಕಾಲದ ಪ್ರಶ್ನೆಯನ್ನು ಇಳಿಸಿದ ಈ ಹಾಡು ಇಂದಿಗೂ ಜನರ ಬಾಯಲ್ಲಿದೆ. 2008ರಲ್ಲಿ ಆ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದಾಗ ಅದನ್ನು ನೋಡಲು ಹೊಸ ತಲೆಮಾರು ಬಂದಿತು.

ಮೂರನೆಯವರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರಲ್ಲಿ ಜನಿಸಿದ ಪುಟ್ಟಣ್ಣನವರು. ಇವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳೂ ಚಿತ್ರಗಳಿಗೆ ಗೀತೆ ಸಂಭಾಷಣೆಗಳನ್ನು ಬರೆದವರೇ. ಪುಟ್ಟಣ್ಣನವರು ಬಡತನದಲ್ಲಿ ಬೆಳೆದು, ಹೊಟ್ಟೆಪಾಡಿಗಾಗಿ ಹಲವು ಕೆಲಸಗಳನ್ನು ಮಾಡಿ, ಕಡೆಗೆ ಮದರಾಸಿನಲ್ಲಿ ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಸೇರಿದರು. ಸ್ವತಂತ್ರವಾಗಿ ನಿರ್ದೇಶಿಸುವ ಅವಕಾಶ ಮೊದಲು ದೊರೆತುದು ಕನ್ನಡದಲ್ಲಲ್ಲ, 1964ರಲ್ಲಿ ಮಲಯಾಳದ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ. ಕನ್ನಡದ 'ಬೆಳ್ಳಿಮೋಡ' ಬಂದುದು 1967ರಲ್ಲಿ. ತಮ್ಮ ನುಡಿಯಲ್ಲಿ ಚಿತ್ರ ಮಾಡುವುದಕ್ಕೆ ಮುನ್ನ ಇವರು ವರ್ಷಗಳ ಕಾಲ ಇತರರ ಚಿತ್ರಕ್ಕಾಗಿ ದುಡಿದರೆಂಬುದನ್ನು ಆತುರದ ತರುಣರು ಗಮನಿಸಬೇಕು.

ಪುಟ್ಟಣ್ಣನವರು ಹಿಡಿದ ಹಾದಿ ಕಾದಂಬರಿಯ ಹಾದಿ. 'ಬೆಳ್ಳಿಮೋಡ', 1971ರ 'ಶರಪಂಜರ' ಇವು ತ್ರಿವೇಣಿಯವರವು. 1969ರ 'ಗೆಜ್ಜೆ ಪೂಜೆ' ಎಂ. ಕೆ. ಇಂದಿರಾ ಅವರದು; 1972ರ 'ನಾಗರಹಾವು' ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿದ್ದು. 'ಗೆಜ್ಜೆ ಪೂಜೆ'ಯ ಚಿತ್ರಕಥೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು.

ಇಲ್ಲಿ ಚಿತ್ರಕಥೆಯೆಂದರೇನೆಂಬ ಪ್ರಶ್ನೆ ಏಳುವುದು. ಕಾದಂಬರಿ ಮನಸ್ಸಿನ ಒಳಗನ್ನು ನೇರವಾಗಿ ಹೇಳಬಲ್ಲದು. "ಅವಳಿಗೆ ಬಂಧುಗಳ ಸಂಶಯ ಸಹಿಸಲಾಗಲಿಲ್ಲ" ಎಂದು ಒಂದು ವಾಕ್ಯದಲ್ಲಿ ಮುಗಿಸಬಹುದು. ಕ್ಯಾಮರಾ ಹಾಗೆ ಹೇಳಲಾರದು. ಆ ಸಂಶಯವನ್ನು ಒಂದು ನೋಟವಾಗಿ, ಮುಚ್ಚಿದ ಬಾಗಿಲಾಗಿ, ಕಾಫಿಯ ಲೋಟ ಕೊಡುವಾಗ ಹಿಂಜರಿದ ಕೈಯಾಗಿ ಅದು ತೋರಿಸಬೇಕು. ಮಾನಸಿಕ ರೋಗದಿಂದ ಗುಣವಾಗಿ ಮನೆಗೆ ಮರಳಿದ ಗೃಹಿಣಿಯ ಕಥೆಯಾದ 'ಶರಪಂಜರ' ಪ್ರೇಕ್ಷಕರನ್ನು ಕಲಕಿದುದು ಈ ಬಗೆಯ ಪರಿವರ್ತನೆಯಿಂದ. ಹೇಳುವುದನ್ನು ಕಾಣಿಸುವುದಾಗಿ ಮಾರ್ಪಡಿಸುವ ಈ ಕೆಲಸಕ್ಕೆ ಬೇಕಾದುದು ಕಾಗದ, ಲೇಖನಿ, ತಾಳ್ಮೆ. ಹೀಗೆ ಮಾರ್ಪಡಿಸುವಾಗ ಮೂಲ ಲೇಖಕನ ಮನಸ್ಸು ನೋಯುವುದೂ ಉಂಟು. 'ನಾಗರಹಾವು' ಚಿತ್ರ ತ. ರಾ. ಸು. ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಈ ಜಗ್ಗಾಟವೂ ವೃತ್ತಿಯ ಒಂದು ಭಾಗವೇ.

ಹಾಗಾದರೆ ಇಂದು ಹುಣಸೂರಿನಲ್ಲೋ ಕೃಷ್ಣರಾಜನಗರದಲ್ಲೋ ಕುಳಿತ ತರುಣನಿಗೆ ಯಾವ ಹಾದಿ? ನಾಟಕ ಕಂಪನಿಗಳ ವೈಭವ ಮುಗಿದುಹೋಗಿದೆ. ಜಾತ್ರೆಗೆ ಬಂದು ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸುಗಳೂ ಹೋದುವು. ಕನ್ನಡ ಚಿತ್ರಕ್ಕಾಗಿ ಮದರಾಸಿಗೆ ಹೋಗಬೇಕಾದ ಕಾಲವೂ ಕಳೆಯಿತು. ಪುಣೆಯಲ್ಲಿ 1960ರಲ್ಲಿ ಸ್ಥಾಪಿತವಾದ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯಿದೆ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಸರ್ಕಾರದ ಸಂಸ್ಥೆಯಿದೆ. ಮೈಸೂರಿನವರೇ ಆದ ವಿ. ಕೆ. ಮೂರ್ತಿಗಳು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು, ಮುಂಬಯಿಗೆ ಹೋಗಿ, ಕಾಲಕ್ರಮದಲ್ಲಿ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದುದನ್ನು ನೆನೆದರೆ ಶಾಲೆಯ ಶಿಕ್ಷಣವನ್ನು ಅಲ್ಲಗಳೆಯಲಾಗದು. ಇನ್ನು ಕ್ಯಾಮರಾ ಇಂದು ಜೇಬಿನ ಫೋನಿನಲ್ಲಿಯೇ ಇದೆ. ಯಂತ್ರ ಸುಲಭವಾದಷ್ಟೂ ಕಥೆ ಅಪರೂಪವಾಗುತ್ತಿದೆ. ಆದುದರಿಂದ ಬರೆಯಬಲ್ಲವನಿಗೆ ಇದು ನಿರಾಶೆಯ ಕಾಲವಲ್ಲ.

ಆರಂಭಕ್ಕೆ ಪುಟ್ಟಣ್ಣನವರೇ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. 1976ರ 'ಕಥಾ ಸಂಗಮ'ದಲ್ಲಿ ಅವರು ಮೂವರು ಲೇಖಕರ ಮೂರು ಸಣ್ಣಕಥೆಗಳನ್ನು ಒಂದೇ ಚಿತ್ರವಾಗಿ ಹೆಣೆದರು. 2019ರಲ್ಲಿ ಅದೇ ಹೆಸರಿನಿಂದ ಏಳು ಕಥೆಗಳ ಚಿತ್ರವೊಂದು ಏಳು ಮಂದಿ ನಿರ್ದೇಶಕರಿಂದ ಬಂದಿತು. ಹತ್ತು ಹದಿನೈದು ನಿಮಿಷದ ಕಥೆಯೊಂದನ್ನು ತನ್ನ ಊರಿನಲ್ಲಿ, ತನ್ನ ಊರಿನ ನುಡಿಯಲ್ಲಿ, ಸ್ನೇಹಿತರೊಡನೆ ಮಾಡಿ ತೋರಿಸಿದವನು ಬರಿಗೈಯಲ್ಲಿ ಪಟ್ಟಣಕ್ಕೆ ಹೋಗುವುದಿಲ್ಲ.

ತಂದೆತಾಯಿಗಳ ಭಯಕ್ಕೆ ಇನ್ನೊಂದು ಪರಿಹಾರವೂ ಉಂಟು. ಅದು ವ್ಯವಹಾರ ಜ್ಞಾನ. ಬರೆದುದನ್ನು ಬಾಯಿಮಾತಿನ ಮೇಲೆ ಕೊಡಲಾಗದು. ನಮ್ಮ ಹಕ್ಕುಸ್ವಾಮ್ಯ ಕಾನೂನಿನಂತೆ ಕೃತಿಯ ಹಕ್ಕನ್ನು ವರ್ಗಾಯಿಸಬೇಕಾದರೆ ಬರಹದಲ್ಲಿ ಒಪ್ಪಂದವಾಗಿ ಸಹಿ ಬೀಳಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳೆಂದು ಎಣಿಕೆ. 2012ರ ತಿದ್ದುಪಡಿಯ ಅನಂತರ, ಚಿತ್ರದಲ್ಲಿ ಸೇರಿದ ಸಾಹಿತ್ಯದ ಅಥವಾ ಸಂಗೀತದ ಕರ್ತೃವು ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆ ಬಗೆಯ ಬಳಕೆಗಳಿಂದ ಬರುವ ರಾಯಧನದಲ್ಲಿ ಸಮಪಾಲನ್ನು ಬಿಟ್ಟುಕೊಡುವಂತೆಯೇ ಇಲ್ಲ. ಹಿಂದಿನ ತಲೆಮಾರಿನ ಲೇಖಕರಿಗೆ ಇಲ್ಲದಿದ್ದ ಈ ರಕ್ಷಣೆಯನ್ನು ಅರಿಯದೆ ಕಳೆದುಕೊಳ್ಳುವುದು ವಿವೇಕವಲ್ಲ. ಇದರೊಡನೆ, ಮೊದಲ ಕೆಲವು ವರ್ಷ ಅನ್ನಕ್ಕೆ ಮತ್ತೊಂದು ಉದ್ಯೋಗವಿರಲಿ. ಆ ಉದ್ಯೋಗದಲ್ಲಿ ಕಾಣುವ ಜನರೇ ನಾಳೆ ಪಾತ್ರಗಳಾಗಿ ಬರುವರು.

ಪುಟ್ಟಣ್ಣನವರು 1985ರ ಜೂನ್ 5ರಂದು ತೀರಿಕೊಂಡಾಗ ಅವರ ವಯಸ್ಸು ಐವತ್ತೊಂದು. 'ಮಸಣದ ಹೂವು' ಅಪೂರ್ಣವಾಗಿದ್ದಿತು, ಅದನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರ್ತಿಗೊಳಿಸಿದರು. ಬರೆದಿಟ್ಟ ಕಥೆಯಿದ್ದುದರಿಂದ ಒಬ್ಬರು ನಿಲ್ಲಿಸಿದ ಕೆಲಸವನ್ನು ಮತ್ತೊಬ್ಬರು ಮುಂದುವರಿಸುವುದು ಸಾಧ್ಯವಾಯಿತು. ಮುಖದ ಚೆಲುವು ಮುಖದೊಡನೆ ಹೋಗುವುದು. ಕಥೆ ಕೈಯಿಂದ ಕೈಗೆ ಸಾಗುವುದು. ಆದುದರಿಂದ ಮನೆಯ ಹುಡುಗನಾಗಲಿ ಹುಡುಗಿಯಾಗಲಿ ಈ ಮಾರ್ಗವನ್ನು ಕೇಳಿದರೆ ಹಿರಿಯರು ಬಾಗಿಲಿಗೆ ಅಡ್ಡ ನಿಲ್ಲದಿರಲಿ. "ನೀನು ಬರೆದುದನ್ನು ಮೊದಲು ನಮಗೆ ಓದಿ ಹೇಳು" ಎಂದು ಕೇಳಲಿ. ಓದಿ ಹೇಳಲು ಏನಾದರೂ ಇದ್ದರೆ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಡಬಹುದು.